ಮುದ್ರಕನು ಕಟ್ಟಿದ ಇರುಳು

ಹಿಂದಿನ ಕಾಲದಲ್ಲಿ ಎದೋ ನಗರದಿಂದ ಹೊರಟು, ಸಮುದ್ರದ ಅಂಚನ್ನು ಹಿಡಿದು, ಕ್ಯೋತೋ ರಾಜಧಾನಿಯನ್ನು ಮುಟ್ಟುತ್ತಿದ್ದ ತೊಕಾಯ್ದೋ ಹೆದ್ದಾರಿಯಲ್ಲಿ, ಪ್ರಯಾಣಿಕರ ಅನುಕೂಲಕ್ಕೆಂದು ಏರ್ಪಟ್ಟಿದ್ದ 53 ತಂಗುದಾಣಗಳ ಪೈಕಿ ಕಾನ್‌ಬಾರಾ ಎಂಬುದೂ ಒಂದು. ಸುರುಗಾ ಕೊಲ್ಲಿಯ ದಡದಲ್ಲಿರುವ ಆ ಊರಿನ ಹವೆ ಬೆಚ್ಚಗಿನದು; ಅಲ್ಲಿ ಹಿಮ ಬೀಳುವುದು ಅಪರೂಪ. ಹೀಗಿದ್ದೂ, 1833–34ರ ಸುಮಾರಿನಲ್ಲಿ ಉತಾಗಾವಾ ಹಿರೋಶಿಗೆ ಆ ಹೆದ್ದಾರಿಯನ್ನು ಕುರಿತು ರಚಿಸಿದ ಚಿತ್ರಮಾಲಿಕೆಯಲ್ಲಿ ಕಾನ್‌ಬಾರಾ ನಮಗೆ ಕಾಣುವುದು ಹಿಮದಲ್ಲಿ ಹೂತುಹೋದ ಇರುಳಿನ ಊರಾಗಿ. ಮನೆಗಳ ಚಾವಣಿಗಳೂ ಬೆಟ್ಟದ ಇಳಿಜಾರೂ ಬೆಳ್ಳಗೆ ಉಬ್ಬಿಕೊಂಡಿವೆ. ಅರ್ಧ ಮಡಿಸಿದ ಕೊಡೆಯೊಳಗೆ ತಲೆಯನ್ನು ಹುದುಗಿಸಿಕೊಂಡ ಒಬ್ಬನು ಎಡಕ್ಕೆ ನಡೆದಿದ್ದಾನೆ. ಬೆನ್ನು ಬಾಗಿಸಿಕೊಂಡ ಇನ್ನಿಬ್ಬರು ಬಲಕ್ಕೆ ಏರು ಹತ್ತುತ್ತಿದ್ದಾರೆ. ಮೂವರ ಉಡುಪಿನಲ್ಲಿರುವ ಅಲ್ಪಸ್ವಲ್ಪ ಬಣ್ಣವನ್ನು ಬಿಟ್ಟರೆ ಹಾಳೆಯಲ್ಲಿರುವುದೆಲ್ಲ ಕಪ್ಪು, ಬೂದು, ಬಿಳಿ ಮಾತ್ರ. ಯಾರೊಬ್ಬರ ಮುಖವೂ ಕಾಣುವುದಿಲ್ಲ. ಯಾವ ಕಿಟಕಿಯಲ್ಲಿಯೂ ದೀಪವಿಲ್ಲ.

ಈ ಚಿತ್ರದ ಪ್ರತಿಗಳಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಆಕಾಶದ ಮೇಲಂಚು ಕಡುಗಪ್ಪಾಗಿದ್ದು, ಕೆಳಗಿಳಿಯುತ್ತ ಬಂದಂತೆ ತಿಳಿಯಾಗುತ್ತದೆ. ಇನ್ನೊಂದರಲ್ಲಿ ಕಪ್ಪು ಬೆಟ್ಟದ ನೆತ್ತಿಯ ಬಳಿ ದಟ್ಟವಾಗಿದ್ದು, ಮೇಲೇರುತ್ತ ಹೋದಂತೆ ಕರಗುತ್ತದೆ. ಮನೆಗಳು ಅವೇ, ಮನುಷ್ಯರು ಅವರೇ. ಆದರೆ ಮೊದಲನೆಯ ಪ್ರತಿಯಲ್ಲಿ ಇರುಳು ಮೇಲಿನಿಂದ ಇಳಿದು ಊರನ್ನು ಅದುಮುತ್ತಿರುವಂತೆಯೂ, ಎರಡನೆಯದರಲ್ಲಿ ಅದು ಬೆಟ್ಟದ ಮರೆಯಿಂದಲೇ ಎದ್ದು ನಿಂತಿರುವಂತೆಯೂ ಭಾಸವಾಗುತ್ತದೆ. ಈ ಅಂತರವು ಹಿರೋಶಿಗೆ ಎಳೆದ ಗೆರೆಯಲ್ಲಿಲ್ಲ. ಮುದ್ರಕನು ಬಣ್ಣದ ಕುಂಚವನ್ನು ಹಲಗೆಯ ಯಾವ ಅಂಚಿನಿಂದ ಆರಂಭಿಸಿದನು ಎಂಬಲ್ಲಿದೆ. ಜಪಾನೀ ಮರದಚ್ಚಿನ ಚಿತ್ರಗಳಲ್ಲಿ ನಾವು ಬೆರಗಿನಿಂದ ನೋಡುವ ರಾತ್ರಿಯು ಬಹುಮಟ್ಟಿಗೆ ಮುದ್ರಕನ ಸೃಷ್ಟಿಯೆಂಬ ಮಾತನ್ನು, ಚಿತ್ರಕಾರರ ಹೆಸರುಗಳೇ ತುಂಬಿಕೊಂಡಿರುವ ಕಲಾಚರಿತ್ರೆಯ ಎದುರಿಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಇಂತಹ ಒಂದು ಹಾಳೆ ಸಿದ್ಧವಾಗುವುದಕ್ಕೆ ನಾಲ್ವರು ಕೂಡಬೇಕಾಗಿತ್ತು. ಬಂಡವಾಳ ಹೂಡಿ, ವಿಷಯವನ್ನು ಗೊತ್ತುಮಾಡಿ, ಮಾರಾಟದ ಹೊಣೆ ಹೊತ್ತವನು ಪ್ರಕಾಶಕ. ತೆಳುವಾದ ಕಾಗದದ ಮೇಲೆ ಮಸಿಯಲ್ಲಿ ರೇಖೆಯನ್ನು ಬರೆದುಕೊಡುವವನು ಚಿತ್ರಕಾರ. ಆ ಕಾಗದವನ್ನು ಕಾಡುಚೆರಿಯ ಗಟ್ಟಿ ಹಲಗೆಯ ಮೇಲೆ ಮಗುಚಿ ಅಂಟಿಸಿ, ರೇಖೆಯನ್ನುಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುವವನು ಕೊರೆಯುವವನು. ಕಟ್ಟಕಡೆಗೆ, ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಕೊರೆದ ಹಲಗೆಗಳಿಂದ ಹಾಳೆಯನ್ನು ಎತ್ತುವವನು ಮುದ್ರಕ. ಕೊರೆತದಲ್ಲಿ ಚಿತ್ರಕಾರನ ಮೂಲ ಕಾಗದ ಹಲಗೆಯೊಂದಿಗೆ ಚೂರುಚೂರಾಗಿ ಹೋಗುತ್ತದೆಯಾದುದರಿಂದ, ನಾವು ಇಂದು ನೋಡುತ್ತಿರುವುದು ಚಿತ್ರಕಾರನ ಕೈ ಮುಟ್ಟದ ಕಾಗದ. ಇಲ್ಲಿ ಯಂತ್ರವೆಂಬುದೇ ಇಲ್ಲ. ಹಿಪ್ಪುನೇರಳೆಯ ಜಾತಿಗೆ ಸೇರಿದ ಕೋಜೋ ಗಿಡದ ನಾರಿನಿಂದ ತಯಾರಾದ ಕಾಗದಕ್ಕೆ ಪಟಿಕ ಮತ್ತು ಪ್ರಾಣಿಜನ್ಯ ಅಂಟಿನ ಲೇಪ ಕೊಟ್ಟು, ಹದವಾಗಿ ತೇವಗೊಳಿಸಿ, ಹಲಗೆಯ ಮೂಲೆಯಲ್ಲಿ ಕೊರೆದ ಗುರುತಿಗೆ ಸರಿಯಾಗಿ ಹೊಂದಿಸಿ ಹಾಸಿ, ಬಿದಿರಿನ ಹಾಳೆಯಲ್ಲಿ ಬಿಗಿದ ಅಂಗೈಯಗಲದ ಬಾರೆನ್ ಎಂಬ ಬಿಲ್ಲೆಯಿಂದ ಬೆನ್ನನ್ನು ಉಜ್ಜಬೇಕು. ಆ ಬಾರೆನ್ನಿನ ಒಳಗೆ, ಬಿದಿರಿನ ಪೊರೆಯನ್ನು ಸೀಳಿ ಹೊಸೆದ ಹುರಿಯು ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಹುರಿಯ ಗಂಟುಗಳ ಒರಟು ನಯಗಳಿಗೆ ತಕ್ಕಂತೆ ಅದು ಬೀಳಿಸುವ ಒತ್ತಡ ಬೇರೆಬೇರೆ.

ಇನ್ನು ರಾತ್ರಿಯ ಆಕಾಶವನ್ನು ಮುದ್ರಿಸುವ ರೀತಿ. ಆಕಾಶಕ್ಕಾಗಿ ಕೊರೆದ ಹಲಗೆ ಚಪ್ಪಟೆಯಾದುದು; ಅದರ ಮೇಲೆ ಮೋಡವಿಲ್ಲ, ಗೆರೆಯಿಲ್ಲ, ಛಾಯೆಯ ಸುಳಿವೇ ಇಲ್ಲ. ಮುದ್ರಕನು ಒದ್ದೆಯ ಬಟ್ಟೆಯಿಂದ ಅದನ್ನು ಒರೆಸುತ್ತಾನೆ. ಅಗಲವಾದ ಕುಂಚದ ಒಂದು ತುದಿಗೆ ಮಾತ್ರ ಬಣ್ಣವನ್ನೂ ಅನ್ನದ ಅಂಟನ್ನೂ ತಾಗಿಸಿ, ಹಲಗೆಯ ಅಂಚಿನಲ್ಲಿ ಎಡಕ್ಕೂ ಬಲಕ್ಕೂ ಆಡಿಸುತ್ತಾನೆ. ತೇವದ ಮರದ ಮೇಲೆ ಬಣ್ಣವು ಅಂಚಿನಲ್ಲಿ ಗಾಢವಾಗಿ, ಒಳಗೊಳಗೆ ಹರಿದಂತೆಲ್ಲ ತೆಳ್ಳಗಾಗಿ, ಕೊನೆಗೆ ಬರಿಯ ನೀರೇ ಆಗಿ ನಿಲ್ಲುತ್ತದೆ. ಇದನ್ನು ಬೊಕಾಶಿ ಎನ್ನುತ್ತಾರೆ. ಮೇಲಂಚಿನಲ್ಲಿ ನೇರವಾದ ಪಟ್ಟಿಯಂತೆ ಹಾಯುವ ಬೊಕಾಶಿ ಒಂದು ಬಗೆ; ಹಲಗೆಯಲ್ಲಿ ಯಾವ ಮೇರೆಯೂ ಇಲ್ಲದೆ ಮೋಡದಂತೆ ಎಲ್ಲೆಂದರಲ್ಲಿ ಹರಡುವುದು ಇನ್ನೊಂದು ಬಗೆ, ಮತ್ತು ಅತಿ ಕಷ್ಟವಾದುದು. ಮುಖ್ಯವಾದ ಮಾತೆಂದರೆ, ಈ ಛಾಯೆಯು ಹಲಗೆಯಲ್ಲಿ ಉಳಿಯತಕ್ಕದ್ದಲ್ಲ. ಪ್ರತಿಯೊಂದು ಹಾಳೆಗೂ ಅದನ್ನು ಹೊಸದಾಗಿ ಕಟ್ಟಬೇಕು. ನೂರು ಹಾಳೆಗಳನ್ನು ಎತ್ತಬೇಕಾದರೆ ನೂರು ಸಲ ಹಲಗೆಯನ್ನು ಒರೆಸಿ, ನೂರು ಸಲ ಇರುಳನ್ನು ಅದೇ ಎತ್ತರದಿಂದ ಅದೇ ಆಳಕ್ಕೆ ಇಳಿಸಬೇಕು. ಹೀಗೆ ಇಳಿಸುವಾಗ ನೀರು ಒಂದು ತೊಟ್ಟು ಹೆಚ್ಚಾದರೆ ಆಕಾಶಕ್ಕೆ ಕಲೆ ಬೀಳುತ್ತದೆ, ಕಡಿಮೆಯಾದರೆ ಛಾಯೆಯು ಗೆರೆಯಾಗಿ ಕಡಿದುಹೋಗುತ್ತದೆ.

ಕತ್ತಲೆಯ ಆಳವು ಒಂದೇ ಒತ್ತಿನಲ್ಲಿ ಬರುವುದೂ ಇಲ್ಲ. ಮೊದಲು ತೆಳುವಾದ ನೀಲಿ, ಅದರ ಮೇಲೆ ಇನ್ನೊಂದು ನೀಲಿ, ಅದರ ಮೇಲೆ ಬೂದು, ಆಮೇಲೆ ಮಸಿಯ ಬೊಕಾಶಿ, ಹೀಗೆ ಪದರದ ಮೇಲೆ ಪದರವಾಗಿ ಅದು ಏರಬೇಕು. ಕಷಾಯವನ್ನು ಸಣ್ಣ ಉರಿಯಲ್ಲಿ ಬತ್ತಿಸುವವರು ಹೇಗೆ ಆತುರಪಡಲಾರರೋ ಹಾಗೆಯೇ ಇಲ್ಲಿಯೂ ಆತುರ ಸಲ್ಲದು. ಬಣ್ಣವು ನೀರಿನದಾದುದರಿಂದ ಅದು ಕಾಗದದ ಮೇಲೆ ಕೂರದೆ ನಾರಿನೊಳಕ್ಕೆ ಇಳಿಯುತ್ತದೆ. ತೈಲವರ್ಣದ ಚಿತ್ರದಲ್ಲಿ ಕಪ್ಪು ಒಂದು ಹೊದಿಕೆ. ಅದರ ಮೇಲೆ ಬೆಳಕನ್ನು ಹಳದಿ ಬಿಳಿ ಬಣ್ಣಗಳಿಂದ ಹಚ್ಚುತ್ತಾರೆ. ಮರದಚ್ಚಿನಲ್ಲಿ ಇದು ತಿರುಗುಮುರುಗು. ಕಾನ್‌ಬಾರಾದ ಹಿಮ ಬಿಳಿಯ ಬಣ್ಣವಲ್ಲ. ಮುದ್ರಣ ಸೋಕದೆ ಉಳಿದ ಕಾಗದ. ಚಂದ್ರನೂ ಅನೇಕ ಚಿತ್ರಗಳಲ್ಲಿ ಹಾಗೆಯೇ. ಎಲ್ಲಿ ಕತ್ತಲೆಯನ್ನು ತಡೆದರೋ ಅಲ್ಲಿ ಬೆಳಕು ಉಳಿಯಿತು. ಆ ಬೆಳಕು ಕಾಗದದ ಒಳಗಿನಿಂದ ಬಂದಂತೆ ನಮಗೆ ತೋರುವುದಕ್ಕೆ ಕಾರಣವೂ ಇದೇ.

ಈ ಸಾಮರ್ಥ್ಯ ಆರಂಭದಿಂದಲೂ ಇದ್ದದ್ದಲ್ಲ. ರಾತ್ರಿಯನ್ನು ಒಂದು ರಸ್ಯವಾದ ನೋಟವೆಂದು ಕಾಣುವ ಸಂಸ್ಕಾರ ಜಪಾನಿಗೆ ಬಹಳ ಹಳೆಯದು. ಚೀನಾದ ಶಿಯಾವೋ ಮತ್ತು ಶಿಯಾಂಗ್ ನದಿಗಳ ಎಂಟು ದೃಶ್ಯಗಳೆಂಬ ಪ್ರಾಚೀನ ಚಿತ್ರಸಂಪ್ರದಾಯದಲ್ಲಿ ರಾತ್ರಿಯ ಮಳೆ, ಶರದೃತುವಿನ ಚಂದ್ರ, ಸಂಜೆಯ ಗಂಟೆ, ಮುಸ್ಸಂಜೆಯ ಹಿಮ ಇವೆಲ್ಲಕ್ಕೂ ಗೊತ್ತಾದ ಸ್ಥಾನವಿದ್ದಿತು. ಜಪಾನೀಯರು ಅದನ್ನು ತಮ್ಮ ಬಿವಾ ಸರೋವರದ ಸುತ್ತಣ ಎಂಟು ದೃಶ್ಯಗಳಿಗೆ ಹೊಂದಿಸಿಕೊಂಡರು. ಆದರೆ ಅಚ್ಚಿನ ಚಿತ್ರದಲ್ಲಿ ಕತ್ತಲೆಯನ್ನು ತೋರುವುದು ಬಹುಕಾಲ ಬರಿಯ ಸಂಕೇತವಾಗಿತ್ತು. ಯಾರಾದರೊಬ್ಬರ ಕೈಯಲ್ಲಿ ಕಂದೀಲಿದ್ದರೆ ಅದು ರಾತ್ರಿಯೆಂದು ತಿಳಿಯಬೇಕು. ಉಡುಪಿನ ಕಸೂತಿ ಮಾತ್ರ ನಡುಹಗಲಿನಲ್ಲಿದ್ದಂತೆಯೇ ನಿಚ್ಚಳವಾಗಿ ಕಾಣುತ್ತಿರುತ್ತದೆ. 1765ರ ವೇಳೆಗೆ ಹಲವು ಹಲಗೆಗಳಿಂದ ಪೂರ್ಣವರ್ಣದ ಮುದ್ರಣ ಸಾಧ್ಯವಾದಾಗ, ಅದರ ಮುಂದಾಳುವಾದ ಸುಜುಕಿ ಹರುನೊಬು, ಕಂದೀಲನ್ನೆತ್ತಿ ಬಿಳಿಯ ಪ್ಲಮ್ ಹೂಗಳನ್ನು ನೋಡುತ್ತಿರುವ ತರುಣಿಯ ಹಿಂದೆ ಆಕಾಶವನ್ನೆಲ್ಲ ಒಂದೇ ಸಮನಾದ ಕಪ್ಪಿನಿಂದ ತುಂಬಿದನು. ಅತಿ ಸುಂದರವಾದ ಹಾಳೆ ಅದು. ಆದರೆ ಆ ಕಪ್ಪು ಒಂದು ಗೋಡೆ. ಕಣ್ಣು ಅದರೊಳಕ್ಕೆ ಹೋಗಲಾರದು.

ಗೋಡೆಯನ್ನು ಗಾಳಿಯನ್ನಾಗಿ ಮಾಡಿದ್ದು ಒಂದು ಬಣ್ಣ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಆಕಸ್ಮಿಕವಾಗಿ ಹುಟ್ಟಿದ ಪ್ರಷ್ಯನ್ ನೀಲಿಯು ನಾಗಸಾಕಿಯ ಬಂದರಿನ ಮೂಲಕ ಜಪಾನಿಗೆ ಬರುತ್ತಿದ್ದರೂ, ಜನಸಾಮಾನ್ಯರು ಕೊಳ್ಳುವ ಚಿತ್ರಗಳಿಗೆ ಬಳಸುವಷ್ಟು ಅಗ್ಗವಾದದ್ದು 1830ರ ಆಸುಪಾಸಿನಲ್ಲಿ. ಅದುವರೆಗೆ ಇದ್ದ ನೀಲಿಗಳ ಪೈಕಿ, ಹೂವಿನಿಂದ ತೆಗೆದದ್ದು ಬಿಸಿಲಿಗೂ ತೇವಕ್ಕೂ ತಾಳದೆ ಮಾಸಿಹೋಗುತ್ತಿತ್ತು. ಗಿಡದ ನೀಲಿಯನ್ನು ಹೀಗೆ ನಯವಾಗಿ ಹರಿಸುವುದು ಕಷ್ಟವಾಗಿತ್ತು. ಬರ್ಲಿನ್ನಿನ ನೀಲಿಯಾದರೋ ಅತಿ ಸೂಕ್ಷ್ಮವಾದ ಕಣಗಳದು. ಕುಂಚದ ತುದಿಯ ಕಡುನೀಲಿಯಿಂದ ಬಹುತೇಕ ಬಿಳುಪಿನವರೆಗೆ ಎಲ್ಲಿಯೂ ಕಡಿಯದೆ ಇಳಿಯಬಲ್ಲುದು. ಚಿತ್ರಕಾರ ಹೊಕುಸಾಯ್ ಫೂಜಿ ಪರ್ವತದ ಮಾಲಿಕೆಯಲ್ಲಿ ಅದನ್ನು ಹಗಲಿಗೆ ಬಳಸಿದನು. ಹಿರೋಶಿಗೆಯ ಮುದ್ರಕರು ಅದರಲ್ಲಿ ರಾತ್ರಿಯನ್ನು ಕಂಡರು.

ಹಿರೋಶಿಗೆಯ ಕಡೆಯ ಮಹಾಕೃತಿಯಾದ ಎದೋ ನಗರದ ನೂರು ಪ್ರಸಿದ್ಧ ದೃಶ್ಯಗಳ ಮಾಲಿಕೆ ಹೊರಬರತೊಡಗಿದ್ದು 1856ರಲ್ಲಿ; 1858ರಲ್ಲಿ ಆತನು ತೀರಿಕೊಂಡನು. ಅದರಲ್ಲಿ ಸಾರುವಾಕಾ ಬೀದಿಯ ರಾತ್ರಿಯ ಚಿತ್ರವೊಂದಿದೆ. ಸರ್ಕಾರದ ಸುಧಾರಣೆಯ ನೆಪದಿಂದ ನಗರದ ನಡುವಿನಿಂದ ಅಸಾಕುಸಾದ ಕಡೆಗೆ ಎತ್ತಂಗಡಿಯಾಗಿದ್ದ ಕಬುಕಿ ನಾಟಕಶಾಲೆಗಳ ಬೀದಿ ಅದು. ಹುಣ್ಣಿಮೆಯ ಚಂದ್ರನ ಕೆಳಗೆ ಜನ ಗುಂಪುಗುಂಪಾಗಿ ಓಡಾಡುತ್ತಿದ್ದಾರೆ. ಒಬ್ಬೊಬ್ಬರ ಕಾಲ ಬುಡದಲ್ಲಿಯೂ ಬೂದುಬಣ್ಣದ ನೆರಳು ನೆಲದ ಮೇಲೆ ಬಿದ್ದಿದೆ. ನಮಗೆ ಇದು ಸಹಜವೆನಿಸಬಹುದು. ಆದರೆ ನೆರಳೆಂಬುದನ್ನು ಚಿತ್ರಕ್ಕೆ ಅನಾವಶ್ಯಕವೆಂದು ಭಾವಿಸಿ ಶತಮಾನಗಳ ಕಾಲ ಬಿಟ್ಟುಬಿಟ್ಟಿದ್ದ ಸಂಪ್ರದಾಯದಲ್ಲಿ, ಆ ಬೂದಿನ ತುಣುಕುಗಳು ಎಷ್ಟು ದೊಡ್ಡ ಹೆಜ್ಜೆಯೆಂಬುದನ್ನು ಹಿಂದಿನ ನೂರಾರು ಚಿತ್ರಗಳನ್ನು ನೋಡಿದವರು ಮಾತ್ರ ಬಲ್ಲರು. ಅದೇ ಮಾಲಿಕೆಯಲ್ಲಿ ಓಜಿಯ ನರಿಬೆಳಕಿನ ಚಿತ್ರವಿದೆ. ವರ್ಷದ ಕಡೆಯ ರಾತ್ರಿ ಸುತ್ತಣ ಎಂಟು ಪ್ರಾಂತಗಳ ನರಿಗಳು ಒಂದು ದೊಡ್ಡ ಮರದಡಿ ಕೂಡಿ, ಉಡುಪು ಬದಲಿಸಿಕೊಂಡು, ಇನಾರಿ ದೇವರ ಗುಡಿಗೆ ಹೋಗುತ್ತವೆಂದೂ, ಅವುಗಳ ಬೆಳಕನ್ನು ಎಣಿಸಿದ ರೈತರು ಬರುವ ವರ್ಷದ ಬೆಳೆಯನ್ನು ಊಹಿಸುತ್ತಾರೆಂದೂ ಜನರ ನಂಬಿಕೆ. ಬೋಳಾದ ಮರ, ಅದರ ಬುಡದಲ್ಲಿ ಮಸುಕಾದ ಕಿಚ್ಚನ್ನು ಹೊತ್ತ ನರಿಗಳು, ದೂರದ ಕಪ್ಪಿನಿಂದ ಸಾಲಾಗಿ ಬರುತ್ತಿರುವ ಇನ್ನಷ್ಟು ಬೆಳಕುಗಳು. ಇಷ್ಟೂ ಮಾಲಿಕೆಯಲ್ಲಿ ಅಲೌಕಿಕವನ್ನು ಕುರಿತ ಚಿತ್ರ ಇದೊಂದೇ. ಹಿರೋಶಿಗೆಯ ಇರುಳು ಪಶ್ಚಿಮವನ್ನೂ ಮುಟ್ಟಿತು: ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ವಿಸ್ಲರ್ 1870ರ ದಶಕದಲ್ಲಿ ಥೇಮ್ಸ್ ನದಿಯ ಬ್ಯಾಟರ್ಸೀ ಸೇತುವೆಯ ಇರುಳನ್ನು ಚಿತ್ರಿಸಿದಾಗ, ಆ ಎತ್ತರವಾದ ಸೇತುವೆಯ ಕಂಬಗಳ ಹಿಂದೆ ಹಿರೋಶಿಗೆಯ ಸೇತುವೆಗಳೇ ನಿಂತಿದ್ದುವು.

ಆದರೆ ಆಧುನಿಕ ನಗರದ ರಾತ್ರಿ, ಎಂದರೆ ಕತ್ತಲೆಯೂ ದೀಪವೂ ಪರಸ್ಪರ ಹೋರಾಡುವ ರಾತ್ರಿ, ಮರದಚ್ಚಿಗೆ ಬಂದದ್ದು ಕೊಬಾಯಾಶಿ ಕಿಯೊಚಿಕಾನಿಂದ. ಈತನನ್ನು ನಾನು ಬಹಳ ದೊಡ್ಡ ಕಲಾವಿದನೆಂದು ಎಣಿಸುತ್ತೇನೆ. 1847ರಲ್ಲಿ ಎದೋ ನಗರದಲ್ಲಿ, ಶೋಗುನರ ಅಕ್ಕಿಯ ಉಗ್ರಾಣಗಳನ್ನು ನೋಡಿಕೊಳ್ಳುತ್ತಿದ್ದ ಕೆಳದರ್ಜೆಯ ಸಮುರಾಯ್ ಮನೆತನದಲ್ಲಿ ಹುಟ್ಟಿದ ಈತನು, 1868ರಲ್ಲಿ ಶೋಗುನರ ಆಳಿಕೆ ಮುರಿದುಬಿದ್ದಾಗ ಸೋತ ಪಕ್ಷದವನಾಗಿ ಒಡೆಯನ ಹಿಂದೆ ಶಿಜುವೋಕಾಗೆ ಹೋಗಿ, ಅಲ್ಲಿ ಬಡತನದಲ್ಲಿ ಕಾಲ ಕಳೆದು, 1874ರಲ್ಲಿ ಹಿಂದಿರುಗುವ ಹೊತ್ತಿಗೆ, ತಾನು ಹುಟ್ಟಿದ ಊರು ತೋಕಿಯೋ ಎಂಬ ಹೊಸ ಹೆಸರನ್ನು ತಳೆದು, ಇಟ್ಟಿಗೆಯ ಕಟ್ಟಡಗಳನ್ನೂ ರೈಲನ್ನೂ ಪಡೆದು, ಗಿಂಜಾ ಬೀದಿಯಲ್ಲಿ ಅನಿಲದೀಪಗಳನ್ನು ಹೊತ್ತಿಸಿಕೊಂಡು ನಿಂತಿದ್ದಿತು. 1876ರಿಂದ 1881ರವರೆಗೆ ಆತನು ಈ ನಗರವನ್ನು ಕುರಿತು 93 ಚಿತ್ರಗಳನ್ನು ಪ್ರಕಟಿಸಿದನು; ಬೆಳಕಿನ ಕಿರಣಗಳ ಚಿತ್ರಗಳೆಂದು ಅವು ಹೆಸರಾದುವು.

ಹಿರೋಶಿಗೆಯವರೆಗಿನ ಚಿತ್ರಕ್ಕೆ ಕಪ್ಪು ರೇಖೆಯೇ ಎಲುಬು. ಕಿಯೊಚಿಕಾ ಅನೇಕ ಕಡೆ ಆ ಎಲುಬನ್ನೇ ಕಳಚಿದನು. ರಾತ್ರಿಯಲ್ಲಿ ವಸ್ತುಗಳಿಗೆ ಅಂಚಿಲ್ಲ, ಒಂದು ಕತ್ತಲೆ ಇನ್ನೊಂದು ಕತ್ತಲೆಯನ್ನು ಮುಟ್ಟುವ ಮೇರೆಯಷ್ಟೇ ಇದೆ ಎಂಬುದನ್ನು ಆತನು ಕಣ್ಣಾರೆ ಕಂಡಿದ್ದನು. ಸುಮಿದಾ ನದಿಯ ರಾತ್ರಿಯೆಂಬ 1881ರ ಚಿತ್ರದಲ್ಲಿ ದಡದ ಮೇಲೆ ಇಬ್ಬರು ನಮಗೆ ಬೆನ್ನು ತೋರಿಸಿ ನಿಂತಿದ್ದಾರೆ. ಅವರು ಬರಿಯ ಕಪ್ಪು ಆಕೃತಿಗಳು. ನದಿಯಾಚೆ ದೀಪಗಳು ಸಾಲಾಗಿ ಹೊತ್ತಿವೆ. ಒಂದೊಂದರ ಪ್ರತಿಬಿಂಬವೂ ನೀರಿನಲ್ಲಿ ಉದ್ದುದ್ದವಾಗಿ ನಡುಗುತ್ತಿದೆ. ಅವರು ಯಾರು, ಏನು ನೋಡುತ್ತಿದ್ದಾರೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಒಚಾನೊಮಿಜು ಎಂಬಲ್ಲಿಯ ಮಿಂಚುಹುಳುಗಳ ಚಿತ್ರದಲ್ಲಿಯಂತೂ ಎರಡು ಕಡೆಯ ದಿಬ್ಬಗಳು ಹಸುರುಗಪ್ಪಾಗಿ ಮುಚ್ಚಿಕೊಂಡು ಬಂದು, ನಡುವಣ ನೀರಿನಲ್ಲಿ ಮೇಲ್ಛಾವಣಿಯ ದೋಣಿಯೊಂದು ಒಳದೀಪದಿಂದ ಕೆಂಪಗೆ ಮಿನುಗುತ್ತಿದೆ. ಸುತ್ತಲೂ ಹುಳುಗಳ ಕಿಡಿಗಳು. ನಿಹೊನ್‌ಬಾಶಿಯ ರಾತ್ರಿಯಲ್ಲಿ ಅನಿಲದೀಪದ ಕೆಳಗೆ ಹಾಯುತ್ತಿರುವ ಜನರಿಗೆ ಮುಖಗಳಿಲ್ಲ. ಹೊಸ ದೀಪ ಬಂದು ಬೀದಿಯನ್ನು ಬೆಳಗಿತೆಂದು ಪತ್ರಿಕೆಗಳು ಸಂಭ್ರಮಿಸುತ್ತಿದ್ದ ಕಾಲದಲ್ಲಿ, ದೀಪದ ಸುತ್ತಣ ಕತ್ತಲೆಯು ಮೊದಲಿಗಿಂತ ಗಾಢವಾದುದನ್ನು ಗಮನಿಸಿದವನು ಈತನು. ಹಳೆಯ ಎದೋವನ್ನು ಕಳೆದುಕೊಂಡವನ ಕಣ್ಣಿಗೆ ಮಾತ್ರ ಅದು ಹಾಗೆ ಕಾಣಬಹುದಾಗಿತ್ತೆಂದು ನನಗೆ ತೋರುತ್ತದೆ.

1881ರ ಆರಂಭದಲ್ಲಿ ತೋಕಿಯೋದಲ್ಲಿ ದೊಡ್ಡ ಬೆಂಕಿಗಳು ಎದ್ದುವು. ಕಿಯೊಚಿಕಾ ಲೇಖನಿಯನ್ನು ಹಿಡಿದು ರಾತ್ರಿಯೆಲ್ಲ ಉರಿಯನ್ನು ಬರೆದುಕೊಳ್ಳುತ್ತ ಅಲೆದನು. ಮನೆಗೆ ಮರಳಿದಾಗ ಅವನ ಮನೆಯೂ ಸುಟ್ಟುಹೋಗಿದ್ದಿತು. ಆ ಬೆಂಕಿಯ ಚಿತ್ರಗಳು ಪ್ರಕಟವಾದುವು, ಮತ್ತು ಅದೇ ವರ್ಷ ನಗರದ ಮಾಲಿಕೆಯೂ ನಿಂತುಹೋಯಿತು. ಆಮೇಲೆ ಆತನು ವಿಡಂಬನಚಿತ್ರಗಳಿಗೂ, 1894–95ರ ಚೀನಾ ಯುದ್ಧದ ಚಿತ್ರಗಳಿಗೂ ತಿರುಗಿಕೊಂಡನು. ಯುದ್ಧಚಿತ್ರಗಳಲ್ಲಿಯೂ ರಾತ್ರಿಯ ಸಿಡಿಬೆಳಕಿನ ಕೌಶಲವುಂಟು, ಆದರೆ ಅದು ಇನ್ನೊಬ್ಬರ ಗೆಲುವಿಗೆ ಹಚ್ಚಿದ ದೀಪ. ಆತನ ಶಿಷ್ಯನಾದ ಇನೌಯೆ ಯಾಸುಜಿ ಗುರುವಿನ ದಾರಿಯಲ್ಲೇ ನಡೆದು, 1889ರಲ್ಲಿ ಇಪ್ಪತ್ತೈದು ವರ್ಷದ ಎಳೆಹರೆಯದಲ್ಲಿ ತೀರಿಕೊಂಡನು.

ಹೊಸ ಶತಮಾನದಲ್ಲಿ ಫೋಟೋಗ್ರಾಫು, ಶಿಲಾಮುದ್ರಣಗಳ ಎದುರಿಗೆ ಮರದಚ್ಚು ಸೊರಗಿತು. ಕೊರೆಯುವವರೂ ಮುದ್ರಿಸುವವರೂ ಕೆಲಸವಿಲ್ಲದೆ ಚದರಿಹೋಗುತ್ತಿದ್ದಾಗ ಅವರನ್ನು ಮತ್ತೆ ಕೂಡಿಸಿದವನು ವತಾನಾಬೆ ಶೋಜಾಬುರೊ ಎಂಬ ಪ್ರಕಾಶಕ. ನವಮುದ್ರಣವೆಂದು ಹೆಸರಾದ ಈ ಚಳವಳಿಯು 1915ರ ಸುಮಾರಿಗೆ ಮೊದಲಾಯಿತು. ವತಾನಾಬೆಗೆ ದೊರೆತ ಭೂದೃಶ್ಯಕಾರನು 1883ರಲ್ಲಿ ಹುಟ್ಟಿದ ಕವಾಸೆ ಹಸುಯಿ. ವ್ಯಾಪಾರದ ಮನೆತನದವನಾಗಿ, ಚಿತ್ರಕಲೆಯನ್ನು ಬಹಳ ತಡವಾಗಿ ಕಲಿತು, 1918ರಲ್ಲಿ ಮೊದಲ ಅಚ್ಚುಗಳನ್ನು ಹೊರತಂದು, ನಲವತ್ತು ವರ್ಷಗಳಲ್ಲಿ 600ಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದವನು. ಈತನು ಊರೂರು ಅಲೆದು, ಸ್ಥಳದಲ್ಲಿಯೇ ಬರೆದುಕೊಂಡ ರೇಖೆಗಳಿಗೆ ಜಲವರ್ಣದ ರೂಪ ಕೊಟ್ಟು ಪ್ರಕಾಶಕನ ಬಳಿಗೆ ತರುವನು. ಆಮೇಲೆ ಕೊರೆಯುವವನೂ ಮುದ್ರಕನೂ ಪ್ರಕಾಶಕನೂ ಚಿತ್ರಕಾರನೂ ಸೇರಿ, ಕರಡುಪ್ರತಿಗಳನ್ನು ಮುಂದಿಟ್ಟುಕೊಂಡು, ಈ ನೀಲಿ ಸಾಲದು, ಆ ಬೂದು ಹೆಚ್ಚಾಯಿತು ಎಂದು ತಿದ್ದುತ್ತ ಹೋಗುವರು. ಒಂದು ಚಿತ್ರಕ್ಕೆ ಮೂವತ್ತಕ್ಕೂ ಮಿಕ್ಕಿ ಒತ್ತುಗಳು ಬೀಳುವುದು ಅಲ್ಲಿ ಸಾಮಾನ್ಯವಾಗಿತ್ತು.

1923ರ ಸೆಪ್ಟೆಂಬರ್ 1ರಂದು ಕಾಂತೋ ಪ್ರಾಂತವನ್ನು ನಡುಗಿಸಿದ ಭೂಕಂಪವೂ ಅದರ ಹಿಂದೆಯೇ ಎದ್ದ ಬೆಂಕಿಯೂ ವತಾನಾಬೆಯ ಅಂಗಡಿಯನ್ನೂ ಹಲಗೆಗಳನ್ನೂ ಬೂದಿ ಮಾಡಿದುವು. ಹಸುಯಿಯ ರೇಖಾಚಿತ್ರದ ಪುಸ್ತಕಗಳೂ ಉರಿದುಹೋದುವು. ಈ ಕಾರಣದಿಂದ ಭೂಕಂಪಕ್ಕೆ ಮೊದಲಿನ ಅಚ್ಚುಗಳು ಇಂದು ವಿರಳ. ಹಸುಯಿ ಮತ್ತೆ ದೀರ್ಘವಾದ ಪ್ರವಾಸ ಹೊರಟನು. ಮರಳಿ ಬಂದು, 1925ರಿಂದ 1930ರವರೆಗೆ ತೋಕಿಯೋದ ಇಪ್ಪತ್ತು ದೃಶ್ಯಗಳನ್ನು ರಚಿಸಿದನು. ಅದರಲ್ಲಿ ಮಾಗೊಮೆಯ ಚಂದ್ರ ಎಂಬುದು ಲೋಕಪ್ರಸಿದ್ಧವಾದುದು: ಹೊಲದ ಅಂಚಿನಲ್ಲಿ ಎತ್ತರವಾಗಿ ನಿಂತ ಪೈನ್ ಮರಗಳು, ರೆಂಬೆಗಳ ಹಿಂದೆ ತುಂಬುಚಂದ್ರ, ಬುಡದಲ್ಲಿ ಹುಲ್ಲಿನ ಮನೆ, ಅದರ ಕಿಟಕಿಯಲ್ಲಿ ಚಿಕ್ಕದೊಂದು ಹಳದಿ. ನನಗಾದರೋ ಅದಕ್ಕಿಂತ ಹೆಚ್ಚು ಮೆಚ್ಚುಗೆ 1926ರ ಶಿನ್ ಓಹಾಶಿ ಸೇತುವೆ. ಕಬ್ಬಿಣದ ಹಂದರದ ಆ ಸೇತುವೆಯ ಮೇಲೆ ರಾತ್ರಿಯ ಮಳೆ ಸುರಿಯುತ್ತಿದೆ. ದೀಪದ ಬೆಳಕಿನಲ್ಲಿ ರಿಕ್ಷಾದವನೊಬ್ಬನು ಹಾಯುತ್ತಿದ್ದಾನೆ. ತೊಯ್ದ ನೆಲವು ಆ ಬೆಳಕನ್ನು ಹಿಡಿದು ಮರಳಿಸುತ್ತಿದೆ. ಮಳೆಯ ಗೆರೆ, ಕಬ್ಬಿಣದ ಅಡ್ಡಪಟ್ಟಿ, ನೆಲದ ಹೊಳಪು ಇವು ಮೂರನ್ನೂ ಒಂದರೊಡನೊಂದು ಕಲಸಿಹೋಗದಂತೆ ಒಂದೇ ನೀಲಿಗಪ್ಪಿನ ಒಳಗೆ ಹಿಡಿದಿಟ್ಟ ಮುದ್ರಕನ ಧೈರ್ಯ ಅಸಾಧಾರಣವಾದುದು.

ವತಾನಾಬೆಯ ಮುದ್ರಣಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಳೆಯ ಮುದ್ರಕರು ಬಾರೆನ್ನಿನ ಗುರುತು ಹಾಳೆಯಲ್ಲಿ ಉಳಿಯುವುದನ್ನು ದೋಷವೆಂದು ಎಣಿಸುತ್ತಿದ್ದರು. ವತಾನಾಬೆ ಅದನ್ನು ಬೇಕೆಂದೇ ಉಳಿಸಿದನು. ಆಕಾಶದ ನೀಲಿಯೊಳಗೆ ಸುತ್ತುಸುತ್ತಾದ ಒರಟು ಜಾಡುಗಳು, ಬಣ್ಣ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಟ್ಟ ಎಳ್ಳಿನಂತಹ ಚುಕ್ಕೆಗಳು, ಇವುಗಳಿಂದ ರಾತ್ರಿಯ ಗಾಳಿಗೆ ಒಂದು ಮೈ ಬಂದಿತು. ಮಂಜೋ ತೇವವೋ ಚಲಿಸುತ್ತಿದೆಯೆಂಬ ಭಾವನೆ ಹುಟ್ಟಿತು. ಆ ಜಾಡುಗಳು ಮುದ್ರಕನ ತೋಳು ತಿರುಗಿದ ದಾರಿ. ಹಸುಯಿಯ ಹಾಳೆಗಳಿಗೆ ದುಡಿದ ಕೊರೆಯುವವರಲ್ಲಿ ಮಾಯೆದಾ ಕೆಂತಾರೊ ಎಂಬವನೂ ಮುದ್ರಕರಲ್ಲಿ ಓನೊ ಗಿಂತಾರೊ ಎಂಬವನೂ ಇದ್ದರೆಂದು ತಿಳಿದಿದೆ. ಇಂತಹ ಹೆಸರುಗಳು ಉಳಿದಿರುವುದೇ ಹೆಚ್ಚು. ಕಾನ್‌ಬಾರಾದ ಇರುಳನ್ನು ಇಳಿಸಿದವನ ಹೆಸರು ನಮಗೆ ಇಲ್ಲ.

ರಾತ್ರಿಯು ಮುದ್ರಣದ ಸೃಷ್ಟಿಯೆಂಬ ಮಾತನ್ನು ಇನ್ನೊಂದು ದಿಕ್ಕಿನಿಂದ ತೋರಿಸಿಕೊಟ್ಟವನು ಯೊಶಿದಾ ಹಿರೋಶಿ. 1876ರಲ್ಲಿ ಹುಟ್ಟಿದ ಈತನು ತೈಲವರ್ಣದಲ್ಲಿ ಪಳಗಿದವನು. ಮೊದಲು ವತಾನಾಬೆಯೊಡನೆ ಕೆಲಸಮಾಡಿ, 1925ರಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದು, ಕೊರೆಯುವವರನ್ನೂ ಮುದ್ರಕರನ್ನೂ ತನ್ನ ಕಣ್ಣಳತೆಯಲ್ಲಿಯೇ ಕೂರಿಸಿಕೊಂಡನು. ತಾನೇ ಮೇಲ್ವಿಚಾರಣೆ ನಡೆಸಿದ ಹಾಳೆಗಳ ಅಂಚಿಗೆ ಸ್ವಯಂಮುದ್ರಿತವೆಂಬ ಮೊಹರನ್ನು ಹಾಕುತ್ತಿದ್ದನು. 1926ರಲ್ಲಿ ಆತನು ಒಳನಾಡ ಕಡಲಿನ ಹಾಯಿದೋಣಿಗಳ ಒಂದೇ ಚಿತ್ರದ ಹಲಗೆಗಳಿಂದ ಬೆಳಗು, ಮುಂಜಾವು ಕಳೆದ ಹೊತ್ತು, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ ಎಂಬ ಆರು ವೇಳೆಗಳನ್ನು ಎತ್ತಿದನು. ಹಾಯಿ ಅದೇ, ಅಲೆ ಅದೇ. ಬದಲಾದದ್ದು ಬಣ್ಣ ಮತ್ತು ಬೊಕಾಶಿ. ಮುದ್ರಣವೇ ಗಳಿಗೆಯನ್ನು ನಿರ್ಣಯಿಸುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಇನ್ನಿಲ್ಲ. 1930ರ ಕೊನೆಯಲ್ಲಿ ಮಗನಾದ ತೋಶಿಯೊಡನೆ ಹೊರಟು ನಮ್ಮ ದೇಶಕ್ಕೂ ಬಂದ ಆತನು ಕಾಶಿ, ಅಜಂತಾ, ಎಲ್ಲೋರಾ, ಉದಯಪುರ, ಮಧುರೆಗಳನ್ನು ಚಿತ್ರಿಸಿದನು. ತಾಜಮಹಲನ್ನು ಕುರಿತ ಆರು ಚಿತ್ರಗಳಲ್ಲಿ ಕಡೆಯದು ರಾತ್ರಿಯದು. ಅಮೃತಶಿಲೆಯನ್ನು ಬೆಳ್ಳಗೆ ಹೊಳೆಯಿಸುವ ಸುಲಭದ ದಾರಿಯನ್ನು ಬಿಟ್ಟು, ಇಡೀ ಕಟ್ಟಡವನ್ನು ನೀಲಿಯ ಒಳಗೆ ಮುಳುಗಿಸಿ, ಆಕಾಶಕ್ಕಿಂತ ಒಂದು ಛಾಯೆ ಮಾತ್ರ ತಿಳಿಯಾಗಿರಿಸಿದ್ದಾನೆ. ತಾಜಮಹಲಿನ ಲೆಕ್ಕವಿಲ್ಲದ ಚಿತ್ರಗಳನ್ನು ನೋಡಿ ಬೇಸತ್ತವರು ಇದೊಂದನ್ನು ನೋಡಬೇಕು.

ಇದೇ ಕಾಲದಲ್ಲಿ ಜಪಾನಿನಲ್ಲಿ ಇನ್ನೊಂದು ಪಂಥ ಬಲವಾಗಿದ್ದಿತು. ಸೃಜನಾತ್ಮಕ ಮುದ್ರಣವೆಂಬ ಆ ಪಂಥದವರು, 1904ರಲ್ಲಿ ಯಾಮಾಮೋತೊ ಕನಾಯೆ ತಾನೇ ಕೊರೆದು ತಾನೇ ಮುದ್ರಿಸಿದ ಬೆಸ್ತನ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು, ಕಲಾವಿದನೇ ಆದ್ಯಂತವೂ ಕೈಯಾಡಿಸದ ಹಾಳೆ ಕಲೆಯಲ್ಲ, ಕಾರ್ಖಾನೆಯ ಸರಕು ಎಂದು ವಾದಿಸಿದರು. ಹಸುಯಿಯಂಥವರ ಚಿತ್ರಗಳು ವಿದೇಶೀಯರ ಕೊಳ್ಳುವ ಹಂಬಲಕ್ಕಾಗಿ ಹಳೆಯ ಜಪಾನನ್ನು ಸಿಂಗರಿಸಿ ನಿಲ್ಲಿಸಿದುವೆಂಬ ಆಕ್ಷೇಪವೂ ಇದರೊಡನೆ ಸೇರಿಕೊಂಡಿತು. ಎರಡನೆಯ ಮಾತಿನಲ್ಲಿ ಸತ್ಯಾಂಶವುಂಟೆಂದು ಒಪ್ಪಬೇಕು. ವತಾನಾಬೆ ಅಮೆರಿಕದ ಮಾರುಕಟ್ಟೆಯನ್ನು ಬಲ್ಲವನು. ಚಂದ್ರ, ದೇಗುಲದ ಗೋಪುರ, ಕೊಡೆ ಹಿಡಿದ ಒಬ್ಬಳು ಹೆಂಗಸು ಎಂಬ ಸೂತ್ರದ ಪ್ರಕಾರ ಹೊರಬಿದ್ದ ಮಧುರವಾದ ರಾತ್ರಿಗಳು ಆ ಕಾಲದಲ್ಲಿ ಬೇಕಾದಷ್ಟಿವೆ, ಮತ್ತು ಅವು ಬೇಗ ಬೇಸರ ತರಿಸುತ್ತವೆ. ಆದರೆ ಮೊದಲನೆಯ ವಾದವನ್ನು ನಾನು ಒಪ್ಪಲಾರೆ. ಒಬ್ಬನೇ ಎಲ್ಲವನ್ನೂ ಮಾಡಿದ್ದರೆ ಈ ಇರುಳುಗಳು ಹುಟ್ಟುತ್ತಲೇ ಇರಲಿಲ್ಲ. ಹಲಗೆಯ ತೇವವನ್ನು ಬೆರಳ ತುದಿಯಿಂದ ಅಳೆಯಬಲ್ಲವನಾಗುವುದಕ್ಕೆ ಒಂದು ಆಯುಷ್ಯವೇ ಬೇಕು. ಆ ಆಯುಷ್ಯವನ್ನು ಮುಡಿಪಿಟ್ಟವನಿಗೆ ಚಿತ್ರಕಾರನಿಗಿಂತ ಕಡಿಮೆಯ ಹೆಸರು ಸಲ್ಲುವುದು ನ್ಯಾಯವಲ್ಲ.

ಜಪಾನಿನ ಸರ್ಕಾರ ಈ ಮಾತನ್ನು ತನ್ನ ರೀತಿಯಲ್ಲಿ ಮನಗಂಡಿತೆನ್ನಬಹುದು. ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ಸಾಂ‌ಸ್ಕೃತಿಕ ಸ್ವತ್ತುಗಳ ಸಂರಕ್ಷಣೆಯ ಸಮಿತಿಯು ಹಸುಯಿಯಿಂದ ಜೋಜೋಜಿ ದೇವಾಲಯದ ಹಿಮದ ಚಿತ್ರವೊಂದನ್ನು ಮಾಡಿಸಿ, ಕೊರೆತ ಮತ್ತು ಮುದ್ರಣದ ಪ್ರತಿಯೊಂದು ಹಂತವನ್ನೂ ದಾಖಲಿಸಿಟ್ಟಿತು. 1953ರಲ್ಲಿ ಆ ಹಾಳೆ ಪೂರ್ಣವಾಯಿತು. ಹಸುಯಿ 1957ರಲ್ಲಿ ತೀರಿಕೊಂಡನು. ಹಿರಾಯಿಜುಮಿಯ ಸುವರ್ಣಮಂದಿರದ ಮೆಟ್ಟಿಲುಗಳನ್ನು ಹಿಮದಲ್ಲಿ ಏರುತ್ತಿರುವ ಭಿಕ್ಷುವಿನ ಚಿತ್ರ ಅವನ ಕಡೆಯದು. ಅವನ ಮರಣಾನಂತರ ಅದನ್ನು ಮುಗಿಸಿ ಹೊರತಂದವರು ಕೆಲಸಗಾರರೇ. ವತಾನಾಬೆಯ ಸಂಸ್ಥೆ ಈಗಲೂ ತೋಕಿಯೋದಲ್ಲಿ ನಡೆಯುತ್ತಿದೆ. ಅದೇ ನಗರದಲ್ಲಿ ಅದಾಚಿ ಎಂಬ ಸಂಸ್ಥೆಯು ಯುವಕ ಯುವತಿಯರಿಗೆ ಕೊರೆತವನ್ನೂ ಮುದ್ರಣವನ್ನೂ ಕಲಿಸುತ್ತಿದೆ.

ಈ ಚಿತ್ರಗಳನ್ನು ನೋಡಬಯಸುವ ಓದುಗರಿಗೆ ಒಂದು ಮಾತು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ರಾಬರ್ಟ್ ಮುಲ್ಲರ್ ಎಂಬ ಸಂಗ್ರಾಹಕನು ಬಿಟ್ಟುಹೋದ 4,000ಕ್ಕೂ ಮಿಕ್ಕ ಜಪಾನೀ ಮುದ್ರಣಗಳಿವೆ. ಹಿರೋಶಿಗೆಯ ಎದೋ ಮಾಲಿಕೆ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಇವುಗಳ ಛಾಯಾಪ್ರತಿಗಳನ್ನು ಅಂತರ್ಜಾಲದಲ್ಲಿ ಯಾರಾದರೂ ನೋಡಬಹುದು. ಒಂದೇ ಚಿತ್ರದ ಎರಡು ಬೇರೆಬೇರೆ ಪ್ರತಿಗಳು ಸಿಕ್ಕಿದರೆ ಅಕ್ಕಪಕ್ಕದಲ್ಲಿಟ್ಟು ನೋಡಿ. ಮನುಷ್ಯರನ್ನೂ ಮನೆಗಳನ್ನೂ ಆಮೇಲೆ ನೋಡಿದರಾಯಿತು, ಮೊದಲು ಆಕಾಶವನ್ನು ನೋಡಿ. ತಡವಾಗಿ ಅವಸರದಲ್ಲಿ ಎತ್ತಿದ ಪ್ರತಿಗಳಲ್ಲಿ ಬೊಕಾಶಿಯು ಒಂದು ಬಣ್ಣದ ಪಟ್ಟಿಯಾಗಿ ನಿಂತುಬಿಟ್ಟಿರುವುದೂ, ಒಳ್ಳೆಯ ಪ್ರತಿಗಳಲ್ಲಿ ಅದು ಎಲ್ಲಿ ಕೊನೆಗೊಂಡಿತೆಂದು ಬೆರಳಿಟ್ಟು ತೋರಿಸಲಾಗದಂತಿರುವುದೂ ಬೇಗನೆ ತಿಳಿದುಬರುತ್ತದೆ. ಅಂಚಿನಲ್ಲಿ ಮುದ್ರಕನ ಹೆಸರೇನಾದರೂ ಇದ್ದರೆ, ಅದನ್ನೂ ಚಿತ್ರಕಾರನ ಹೆಸರಿನೊಡನೆ ನೆನಪಿನಲ್ಲಿಟ್ಟುಕೊಳ್ಳಿ.